ಆಪರೇಷನ್ ಒಂದೂವರೆ ಗಂಟೆ, ಲೆಕ್ಕ ಇಪ್ಪತ್ತು ವರ್ಷದ್ದು

ತೂಕ ಇಳಿಸುವ ಆಪರೇಷನ್ನಿನ ಮಾತು ಬಂದ ಮನೆಯಲ್ಲೆಲ್ಲ ಎರಡೇ ಪ್ರಶ್ನೆ ಕೇಳಿಬರುತ್ತವೆ. "ಪ್ರಾಣಕ್ಕೇನೂ ತೊಂದರೆ ಇಲ್ಲ ತಾನೇ?" ಎನ್ನುವುದು ಮನೆಯ ಹಿರಿಯರದು. "ಎಷ್ಟು ಕೆ.ಜಿ. ಇಳಿಯುತ್ತೆ ಡಾಕ್ಟ್ರೇ?" ಎನ್ನುವುದು ಮಾಡಿಸಿಕೊಳ್ಳುವವರದು. ಎರಡಕ್ಕೂ ಉತ್ತರ ಸಿದ್ಧವಿದೆ. ಪಳಗಿದ ತಂಡ, ಸರಿಯಾದ ಐಸಿಯು ಇರುವಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಪಿತ್ತಕೋಶ ತೆಗೆಸುವ ಆಪರೇಷನ್ನಿಗೆ ಹತ್ತಿರದ ಲೆಕ್ಕ ಇದು. ತೂಕ ಮೊದಲ ಒಂದೆರಡು ವರ್ಷದಲ್ಲಿ ನೂರಕ್ಕೆ 25ರಿಂದ 30 ಭಾಗ ಇಳಿಯುತ್ತದೆ. ಈ ಎರಡು ಉತ್ತರ ಸಿಕ್ಕ ಕೂಡಲೇ ಮನೆಯವರು ತಾರೀಖು ಕೇಳುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ತೊಂದರೆ ಏನೆಂದರೆ, ಈ ಆಪರೇಷನ್ನಿನ ನಿಜವಾದ ಲಾಭ ಕೆ.ಜಿ.ಯಲ್ಲಿ ಪೂರ್ತಿ ಕಾಣುವುದಿಲ್ಲ, ನಿಜವಾದ ಅಪಾಯದಲ್ಲಿ ಹೆಚ್ಚಿನ ಪಾಲು ಟೇಬಲ್ ಮೇಲೆ ಇರುವುದಿಲ್ಲ. ಎರಡೂ ಇರುವ ಜಾಗ ಬೇರೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ಇವತ್ತಿಗೂ ಈ ಚರ್ಚೆಯಲ್ಲಿ ತಲೆಹಾಕುತ್ತದೆ. ಅದು ಸೌಂದರ್ಯ ಚಿಕಿತ್ಸೆಯ ಸಾಲಿಗೆ ಸೇರಿದ್ದು, ಚರ್ಮದ ಕೆಳಗಿನ ಕೊಬ್ಬನ್ನು ಹೊರತೆಗೆಯುವ ಕೆಲಸ. ಶುಗರ್, ಬಿಪಿ, ಗೊರಕೆ ಯಾವುದಕ್ಕೂ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಜಠರ, ಕರುಳಿನ ಮೇಲೆ ಮಾಡುವ ಬೇರಿಯಾಟ್ರಿಕ್ ಆಪರೇಷನ್. ಹೊಟ್ಟೆಯ ಮೇಲಿನ ಕೊಬ್ಬನ್ನು ಇದರಲ್ಲಿ ಯಾರೂ ಮುಟ್ಟುವುದೇ ಇಲ್ಲ.

ಲಾಭ ಇರುವುದೆಲ್ಲಿ?

ಐದಡಿ ಐದಿಂಚು, ಅಂದರೆ 165 ಸೆಂ.ಮೀ. ಎತ್ತರದ ಒಬ್ಬರು 110 ಕೆ.ಜಿ. ಇದ್ದಾರೆ ಅಂತಿಟ್ಟುಕೊಳ್ಳಿ. ಎಲ್ಲ ಸರಿಯಾಗಿ ನಡೆದರೆ ಅವರು 80ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. 60ಕ್ಕೆ ಬರುವುದಿಲ್ಲ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಆಗಲೂ 29, ಚಾರ್ಟಿನ ಪ್ರಕಾರ ಅವರು ಆಗಲೂ ದಪ್ಪವೇ. ಎರಡು ವರ್ಷದ ನಂತರ ಇಳಿದದ್ದರಲ್ಲಿ ಒಂದಷ್ಟು ವಾಪಸ್ ಬರುವುದೂ ಮಾಮೂಲು. ಮದುವೆ ಆಲ್ಬಮ್ಮಿನ ಕಾಲದ ಮೈಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದು ಸೋಲಿನಂತೆ ಕಾಣುತ್ತದೆ. ಆದರೆ ಅದೇ 80 ಕೆ.ಜಿ.ಯ ಮನುಷ್ಯ ರಾತ್ರಿ ಮುಖಕ್ಕೆ, ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಗಾಳಿ ಊದುವ ಸಿಪ್ಯಾಪ್ ಮಾಸ್ಕ್ ಕಟ್ಟಿಕೊಳ್ಳದೆ ಮಲಗುತ್ತಿರಬಹುದು, ಇನ್ಸುಲಿನ್ ಬಿಟ್ಟಿರಬಹುದು, ಎರಡು ಮಹಡಿ ಹತ್ತಿ ನಿಂತು ಮಾತಾಡುತ್ತಿರಬಹುದು. ನೋಡಬೇಕಾದ ಲಾಭ ಅದು.

ಇದನ್ನು ಅತಿ ಹೆಚ್ಚು ಕಾಲ ಬೆನ್ನತ್ತಿ ನೋಡಿದವರು ಸ್ವೀಡನ್ನಿನವರು. 1987ರಲ್ಲಿ ಶುರುವಾದ ಅವರ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು, ಸುಮಾರು ಅರ್ಧದಷ್ಟು ಜನ ಆಪರೇಷನ್ ಆದವರು, ಉಳಿದವರು ಮಾಮೂಲಿ ಚಿಕಿತ್ಸೆಯವರು. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಆಪರೇಷನ್ ಆದವರ ಆಯಸ್ಸು ಆಗದವರಿಗಿಂತ ಸುಮಾರು 3 ವರ್ಷ ಹೆಚ್ಚು. ಹಾಗಿದ್ದೂ ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆ. ಇಬ್ಬರಿಗೂ ಬೇಕಾದ ವಾಕ್ಯ ಇದರಲ್ಲಿದೆ, ಜಾಹೀರಾತು ಮಾಡುವವರು ಮೊದಲರ್ಧ ಓದುತ್ತಾರೆ, ಬೇಡ ಎನ್ನುವವರು ಎರಡನೆಯ ಅರ್ಧ. (ಅಲ್ಲಿ ನಡೆದದ್ದು ಬಹುಪಾಲು ಈಗ ಅಪರೂಪವಾಗಿರುವ ಹಳೆಯ ಕಾಲದ ಆಪರೇಷನ್‌ಗಳು ಎನ್ನುವುದನ್ನೂ ನೆನಪಿಡಬೇಕು.)

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಅದೇ ಸ್ವೀಡಿಷ್ ಅಧ್ಯಯನದಲ್ಲಿ ಶುಗರ್ ಇದ್ದವರ ಪೈಕಿ ಎರಡನೇ ವರ್ಷಕ್ಕೆ ನೂರಕ್ಕೆ 72 ಜನ ಔಷಧಿಯ ಹಂಗಿಲ್ಲದೆ ಇದ್ದರು. ಹದಿನೈದನೇ ವರ್ಷಕ್ಕೆ ಆ ಸಂಖ್ಯೆ 30. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಜನರ ಮೇಲೆ ನಡೆದ ಪ್ರಯೋಗದಲ್ಲಿ ಐದು ವರ್ಷದ ನಂತರ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ (ಹೃದಯದ್ದಲ್ಲ, ಜಠರದ ಸಣ್ಣ ಚೀಲಕ್ಕೆ ಕರುಳು ಜೋಡಿಸುವುದು) ಆದವರಲ್ಲಿ ನೂರಕ್ಕೆ 29, ಸ್ಲೀವ್ (ಜಠರವನ್ನು ಉದ್ದಕ್ಕೆ ಕತ್ತರಿಸಿ ಕೊಳವೆಯಷ್ಟು ಉಳಿಸುವುದು) ಆದವರಲ್ಲಿ 23, ಬರೀ ಔಷಧಿಯವರಲ್ಲಿ 5. ಅಂದರೆ ಔಷಧಿಗಿಂತ ಎಷ್ಟೋ ಮೇಲು, ಆದರೆ "ಶುಗರ್ ಪೂರ್ತಿ ವಾಸಿ" ಎಂಬ ಫಲಕ ಸುಳ್ಳು. ಯಾರಿಗೆ ಹೆಚ್ಚು ಫಲ ಎಂದರೆ, ಕಾಯಿಲೆ ಶುರುವಾಗಿ ಐದು ವರ್ಷದೊಳಗಿನವರು, ಇನ್ಸುಲಿನ್ ಇನ್ನೂ ಹತ್ತಿಲ್ಲದವರು, ಮೇದೋಜೀರಕ ಗ್ರಂಥಿಯಲ್ಲಿ ಕಸುವು ಉಳಿದಿರುವವರು. ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಮಾಡಿಸುವುದು ಈ ಕಸುವನ್ನು ಅಳೆಯಲಿಕ್ಕೆ. ನಮ್ಮಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಡಯಟ್ಟು, ಕಷಾಯ, ಜಿಮ್ಮು, ಒಂದರ ಮೇಲೊಂದು ಮಾತ್ರೆ, ಹದಿನೈದು ವರ್ಷ ಇನ್ಸುಲಿನ್, ಎಲ್ಲ ಮುಗಿದ ಮೇಲೆ "ಕೊನೇ ದಾರಿ" ಅಂತ ಆಪರೇಷನ್ನಿಗೆ ಬರುತ್ತಾರೆ. ಅಷ್ಟರಲ್ಲಿ ಲಾಭ ಕರಗಿರುತ್ತದೆ. ಹೃದಯ, ಕಿಡ್ನಿ ಸೋತು ಅಪಾಯ ಮಾತ್ರ ಬೆಳೆದಿರುತ್ತದೆ. ಹೆದರಿ ಮುಂದಕ್ಕೆ ಹಾಕುವುದನ್ನು ನಾವು ಜಾಗ್ರತೆ ಅಂದುಕೊಂಡಿದ್ದೇವೆ.

ಟೇಬಲ್ ಮೇಲೆ ಏನಾಗುತ್ತದೆ?

ನಮ್ಮಲ್ಲಿ ಹೆಚ್ಚು ನಡೆಯುವುದು ಸ್ಲೀವ್. ಆಪರೇಷನ್ನಿಗೆ ಎರಡು ವಾರ ಮೊದಲೇ ದಿನಕ್ಕೆ 800ರಿಂದ 1,200 ಕ್ಯಾಲೊರಿಯ ಕಟ್ಟುನಿಟ್ಟಿನ ಆಹಾರ ಕೊಡುತ್ತಾರೆ. ಅದು ತೂಕಕ್ಕಲ್ಲ, ಲಿವರ್‌ಗಾಗಿ. ಕೊಬ್ಬು ತುಂಬಿ ಊದಿದ ಲಿವರ್‌ನ ಎಡಭಾಗ ಜಠರದ ತಲೆಯ ಮೇಲೇ ಕೂತಿರುತ್ತದೆ, ಎತ್ತಿದರೆ ಹರಿದು ರಕ್ತ ಬರುತ್ತದೆ; ಎರಡು ವಾರದಲ್ಲಿ ಅದು ಕುಗ್ಗಿ ಮೆತ್ತಗಾಗುತ್ತದೆ. ಹಿಂದಿನ ರಾತ್ರಿ ಕದ್ದು ಬಿರಿಯಾನಿ ತಿಂದವರು ಸರ್ಜನ್ನನ್ನು ಮೋಸ ಮಾಡಿದೆವು ಅಂದುಕೊಳ್ಳುತ್ತಾರೆ, ಸರ್ಜನ್ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟ ಕೂಡಲೇ ಇಡೀ ಎರಡು ವಾರದ ಕಥೆ ಕಾಣಿಸುತ್ತದೆ.

ನಾಲ್ಕೈದು ರಂಧ್ರ, ಹೊಟ್ಟೆಗೆ ಅನಿಲ, ಟೇಬಲ್ಲಿನ ತಲೆಭಾಗ ಮೇಲಕ್ಕೆ. ಜಠರದ ಹೊರಬದಿಯ ಬಾಗಿಗೆ ಅಂಟಿಕೊಂಡ ಕೊಬ್ಬಿನ ಪದರವನ್ನೂ ರಕ್ತನಾಳಗಳನ್ನೂ ಮೊದಲು ಬಿಡಿಸುತ್ತಾರೆ. ಅರಿವಳಿಕೆಯವರು ಬಾಯಿಂದ 36ರಿಂದ 40 ಫ್ರೆಂಚ್ ಅಳತೆಯ, ಅಂದರೆ ಹೆಚ್ಚುಕಡಿಮೆ 12–13 ಮಿ.ಮೀ. ದಪ್ಪದ ಕೊಳವೆಯನ್ನು ಇಳಿಸುತ್ತಾರೆ, ಉಳಿಸಿಕೊಳ್ಳುವ ಜಠರಕ್ಕೆ ಅದೇ ಅಳತೆ. ಜಠರದ ಕೆಳಬಾಗಿಲಿನಿಂದ ನಾಲ್ಕೈದು ಸೆಂ.ಮೀ. ಬಿಟ್ಟು, ಪಿನ್ನು ಹೊಡೆದು ಕತ್ತರಿಸುವ ಸ್ಟೇಪ್ಲರ್ ಶುರು. ಒಂದೊಂದು ಕಾರ್ಟ್ರಿಜ್ 60 ಮಿ.ಮೀ., ಐದಾರು ಬೇಕು. ಕೆಳಗೆ ಗೋಡೆ ದಪ್ಪ, ಮೇಲೆ ಹೋದಂತೆ ತೆಳು; ಅದಕ್ಕೆ ತಕ್ಕಂತೆ ಪಿನ್ನಿನ ಎತ್ತರ ಬದಲಿಸಬೇಕು. ಸ್ಟೇಪ್ಲರ್ ಕಚ್ಚಿಸಿ ಕೂಡಲೇ ಹೊಡೆಯುವುದಿಲ್ಲ, ಒತ್ತಿ ಹಿಡಿದು ಕಾಯುತ್ತಾರೆ, ಗೋಡೆಯ ನೀರಂಶ ಹಿಂಡಿಹೋಗಿ ಪಿನ್ನುಗಳು ಸರಿಯಾಗಿ ಮಡಚಿಕೊಳ್ಳಲಿ ಅಂತ. ಕೊನೆಯ ಹೊಡೆತ ಅನ್ನನಾಳದಿಂದ ಒಂದು ಸೆಂ.ಮೀ.ಯಷ್ಟು ದೂರ ಇರಬೇಕು. ಕೊಳವೆಯಂತೆ ಉಳಿದ ಜಠರಕ್ಕೆ 100–150 ಮಿ.ಲೀ. ಹಿಡಿಯುತ್ತದೆ, ಮುಕ್ಕಾಲಿಗೂ ಹೆಚ್ಚು ಭಾಗ ಹೊರಕ್ಕೆ ಬರುತ್ತದೆ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹೀಗೆ ಹೋಗುವ ಮೇಲ್ಭಾಗದಲ್ಲೇ. ಮೊದಲ ತಿಂಗಳುಗಳಲ್ಲಿ "ಹಸಿವೇ ಆಗ್ತಿಲ್ಲ" ಎನ್ನುವುದಕ್ಕೆ ಇದೂ ಒಂದು ಕಾರಣ.

ಕೆಡುವುದು ಎಲ್ಲಿ? ಜಠರ ಬಾಗುವ ತಿರುವಿನಲ್ಲಿ ಸ್ಟೇಪ್ಲರ್ ಕೊಳವೆಗೆ ತೀರಾ ಒತ್ತಿಕೊಂಡು ಹೋದರೆ ಅಲ್ಲಿ ದಾರಿ ಕಿರಿದಾಗುತ್ತದೆ. ಕೆಳಗೆ ಕಟ್ಟಿಕೊಂಡಾಗ ಮೇಲೆ ಒತ್ತಡ ಏರುತ್ತದೆ, ಒತ್ತಡ ಏರಿದಾಗ ತೆಳುವಾಗಿರುವ, ರಕ್ತ ಸಂಚಾರ ಕಡಿಮೆ ಇರುವ ಮೇಲ್ತುದಿಯ ಹೊಲಿಗೆ ಬಿಡುತ್ತದೆ. ನೂರಕ್ಕೆ ಒಬ್ಬರ ಸುಮಾರಿಗೆ ಆಗುವ ಸೋರಿಕೆಯಲ್ಲಿ ಹೆಚ್ಚಿನವು ಈ ಮೇಲ್ತುದಿಯವೇ, ಮತ್ತು ಒತ್ತಡ ಇಳಿಯುವವರೆಗೂ ಅವು ಒಣಗುವುದಿಲ್ಲ. ವಾರಗಟ್ಟಲೆ ದಾರಿ ತೆರೆದಿಡುವ ಸ್ಟೆಂಟು, ಸೋರಿದ್ದನ್ನು ಹೊರಬಿಡುವ ಡ್ರೈನು, ಬಾಯಿಂದ ಕ್ಯಾಮೆರಾ ಇಳಿಸಿ ಮತ್ತೆ ಮತ್ತೆ ಎಂಡೋಸ್ಕೋಪಿ. ಮೊದಲ ಸುಳಿವು ಹೆಚ್ಚಾಗಿ ಹೊಟ್ಟೆನೋವೂ ಅಲ್ಲ, ಜ್ವರವೂ ಅಲ್ಲ, ನಾಡಿಯ ಓಟ. ದಪ್ಪನೆಯ ಮೈಯಲ್ಲಿ ಹೊಟ್ಟೆ ಗಟ್ಟಿಯಾದದ್ದು ಕೈಗೆ ಸಿಗುವುದಿಲ್ಲ. ಎರಡನೇ ರಾತ್ರಿ ರೋಗಿ ಆರಾಮಾಗಿಯೇ ಕೂತು ಮಾತಾಡುತ್ತಿರುತ್ತಾರೆ, "ಸ್ವಲ್ಪ ಎಡಭುಜ ನೋಯ್ತಿದೆ ಸಿಸ್ಟರ್" ಅನ್ನುತ್ತಾರೆ, ಚಾರ್ಟಿನಲ್ಲಿ ನಾಡಿ 124. ಅದನ್ನು "ಗಾಬರಿಗೆ ಇರಬೇಕು" ಎಂದು ಬಿಡುವ ವಾರ್ಡಿಗೂ, ಅಷ್ಟಕ್ಕೇ ಸರ್ಜನ್ನಿಗೆ ಫೋನ್ ಹೋಗುವ ವಾರ್ಡಿಗೂ ಇರುವ ವ್ಯತ್ಯಾಸವನ್ನು ಯಾವ ಪ್ಯಾಕೇಜ್ ದರಪಟ್ಟಿಯೂ ತೋರಿಸುವುದಿಲ್ಲ. ಮನೆಗೆ ಹೋದ ಮೇಲೆ, ಒಂದು ವಾರ ಹತ್ತು ದಿನಕ್ಕೆ ಸೋರಿಕೆ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ಕೂತಲ್ಲೇ ನಾಡಿ 120 ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ.

ಸ್ಲೀವೋ, ಬೈಪಾಸೋ?

ಈ ಆಯ್ಕೆ ದರ ನೋಡಿ ಆಗಬಾರದು, ಎದೆಯುರಿ ನೋಡಿ ಆಗಬೇಕು. ಸ್ಲೀವ್ ಅಂದರೆ ಒತ್ತಡದ ಕೊಳವೆ. ಮೊದಲೇ ಹುಳಿತೇಗು ಇದ್ದವರಲ್ಲಿ ಅನೇಕರಿಗೆ ಅದು ಹೆಚ್ಚಾಗುತ್ತದೆ, ಇಲ್ಲದವರಲ್ಲೂ ಎಷ್ಟೋ ಜನರಿಗೆ ಹೊಸದಾಗಿ ಶುರುವಾಗುತ್ತದೆ. ವರ್ಷಗಟ್ಟಲೆ ಮಾತ್ರೆ, ಆಮೇಲೆ ಸ್ಲೀವನ್ನು ಬೈಪಾಸಿಗೆ ಬದಲಿಸುವ ಇನ್ನೊಂದು ಆಪರೇಷನ್. ಎಂಡೋಸ್ಕೋಪಿ ಮಾಡದೆ ಸ್ಲೀವ್ ಹೇಳುವ ಕಡೆಯಿಂದ ಎದ್ದು ಬರುವುದು ಒಳ್ಳೆಯದು. ಬೈಪಾಸಿನಲ್ಲಿ 30 ಮಿ.ಲೀ. ಸುಮಾರಿನ ಸಣ್ಣ ಚೀಲ ಮಾಡಿ ಅದಕ್ಕೆ ಕರುಳನ್ನು ಜೋಡಿಸುತ್ತಾರೆ. ಎದೆಯುರಿಗೂ ಶುಗರ್‌ಗೂ ಅದು ಮೇಲು. ಅದರ ತೊಂದರೆಗಳು ನಿಧಾನದವು. ಕರುಳನ್ನು ಎಳೆದು ಜೋಡಿಸಿದಾಗ ಹಿಂದೆ ಸಂದುಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಂತೆ ಅವು ಅಗಲವಾಗಿ, ಒಂದೆರಡು ವರ್ಷ ಬಿಟ್ಟು, ಕರುಳು ಆ ಸಂದಿನಲ್ಲಿ ನುಸುಳಿ ತಿರುಚಿಕೊಳ್ಳಬಹುದು. ಉಂಡ ಮೇಲೆ ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಆಮೇಲೆ ತಾನಾಗಿ ಹೋಗುತ್ತದೆ, ಮತ್ತೆ ಬರುತ್ತದೆ. ಸ್ಕ್ಯಾನಿಂಗ್ ಅಂದರೆ ಅಲ್ಟ್ರಾಸೌಂಡ್ ಮಾಡಿದರೆ ಏನೂ ಕಾಣದು. ನಮ್ಮ ಊರುಗಳಲ್ಲಿ ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ಕೇ ಆದ್ದರಿಂದ ಇದೂ ಗ್ಯಾಸ್ಟ್ರಿಕ್ಕೇ ಆಗುತ್ತದೆ, ಕರುಳು ಕಪ್ಪಾಗುವವರೆಗೆ. ಬೈಪಾಸ್ ಆದವರಿಗೆ ಇಂಥ ನೋವು ಬಂದರೆ ಸಿಟಿ ಸ್ಕ್ಯಾನ್ ಬೇಕು. ಸಿಟಿ ಸರಿಯಿದ್ದು ನೋವು ಹೋಗದಿದ್ದರೆ ಲ್ಯಾಪರೋಸ್ಕೋಪಿಯಿಂದ ಒಳಗೆ ನೋಡಲೇಬೇಕು. ಇನ್ನೊಂದು, ಜೋಡಣೆಯ ಅಂಚಿನ ಹುಣ್ಣು. ಅದಕ್ಕೆ ಮುಖ್ಯ ಕಾರಣ ಎರಡು, ಬೀಡಿ ಸಿಗರೇಟು ಮತ್ತು ಸೊಂಟನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಇವರಿಗೆ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮಿನಿ ಬೈಪಾಸ್ ಎಂಬುದು ಒಂದೇ ಜೋಡಣೆಯದು, ಬೇಗ ಮುಗಿಯುತ್ತದೆ, ತೂಕವೂ ಚೆನ್ನಾಗಿ ಇಳಿಯುತ್ತದೆ. ಆದರೆ ಊಟ ಹಾಯದಂತೆ ಬದಿಗೆ ಬಿಟ್ಟ ಕರುಳು ತೀರಾ ಉದ್ದವಾದರೆ ಪ್ರೋಟೀನ್ ಕೊರತೆ ಕಾಲು ಊದುವ ಮಟ್ಟಕ್ಕೆ ಹೋಗಬಹುದು. ಮಾಂಸ, ಮೊಟ್ಟೆ ಮುಟ್ಟದವರು ಅದನ್ನು ಒಪ್ಪುವ ಮೊದಲು ಎರಡು ಸಲ ಯೋಚಿಸಬೇಕು.

ಮೂರನೇ ವಾರದ ಗ್ಲೂಕೋಸ್ ಬಾಟಲಿ

ಇಡೀ ವಿಷಯದಲ್ಲಿ ತಪ್ಪಿಸಬಹುದಾದ, ಆದರೂ ತಪ್ಪಿಸದೆ ಹೋಗುವ ಅನಾಹುತ ಇದು. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಊರಿಗೆ ಬಂದ ಒಬ್ಬರಿಗೆ ಮೂರನೇ ವಾರವೋ ಎರಡನೇ ತಿಂಗಳೋ ವಾಂತಿ ಶುರುವಾಗುತ್ತದೆ. ಬೇಗ ತಿಂದದ್ದಿರಬಹುದು, ದಾರಿ ಕಿರಿದಾಗಿರಬಹುದು. "ಆಪರೇಷನ್ ಆದಮೇಲೆ ಹೀಗೆಲ್ಲ ಇರುತ್ತೆ" ಅಂತ ಒಂದು ವಾರ ಕಳೆಯುತ್ತದೆ. ಥಯಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಮೈಯಲ್ಲಿರುವುದು ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ಅದು ಖಾಲಿಯಾಗುತ್ತ ಬಂದಿರುತ್ತದೆ. ಸುಸ್ತಾಗಿ ನಡೆಯಲಾಗುತ್ತಿಲ್ಲ ಎಂದು ತಾಲ್ಲೂಕಿನ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾರೆ, ಅವರು ಒಳ್ಳೆಯ ಮನಸ್ಸಿನಿಂದಲೇ ಗ್ಲೂಕೋಸ್ ಡ್ರಿಪ್ ಏರಿಸುತ್ತಾರೆ. ಗ್ಲೂಕೋಸನ್ನು ಉರಿಸಲು ಥಯಮಿನ್ ಬೇಕು. ಉಳಿದಿದ್ದ ಚೂರೂ ಅದಕ್ಕೆ ಖರ್ಚಾಗಿ ಮಿದುಳಿಗೆ ಇಲ್ಲದಂತಾಗುತ್ತದೆ. ಕಣ್ಣು ಎರಡೆರಡಾಗಿ ಕಾಣುವುದು, ಗುಡ್ಡೆ ಅದುರುವುದು, ತೂರಾಡುತ್ತ ನಡೆಯುವುದು, ಮಾತು ತಪ್ಪುವುದು. ಮನೆಯವರಿಗೆ ನಿತ್ರಾಣ ಎಂದೇ ಕಾಣುತ್ತದೆ. ತಡವಾದರೆ ನೆನಪಿನ ಶಕ್ತಿ ಮರಳಿ ಬಾರದಂತೆ ಹೋಗಬಹುದು. ಪರಿಹಾರ ಅಗ್ಗದ್ದು: ಗ್ಲೂಕೋಸಿಗೆ ಮುಂಚೆ ಥಯಮಿನ್ ಇಂಜೆಕ್ಷನ್, ರಕ್ತಪರೀಕ್ಷೆಯ ವರದಿಗೆ ಕಾಯದೆ. ನೀರು ಕೊಡಬೇಕಾದರೆ ನಾರ್ಮಲ್ ಸಲೈನ್ ಇದ್ದೇ ಇದೆ.

ಮೊದಲ ವಾರದ ಇನ್ನೊಂದು ಎಡವಟ್ಟು ಶುಗರ್ ಮಾತ್ರೆಯದು. ಆಪರೇಷನ್ ಆದ ಕೆಲವೇ ದಿನಗಳಲ್ಲಿ, ತೂಕ ಇಳಿಯುವುದಕ್ಕೆ ಮೊದಲೇ, ಶುಗರ್ ಇಳಿಯುತ್ತದೆ. ಹಳೆಯ ಚೀಟಿಯಂತೆ ಗ್ಲಿಮೆಪಿರೈಡೋ ಇನ್ಸುಲಿನ್ನೋ ಮುಂದುವರಿಸಿದರೆ ಲೋ ಶುಗರ್ ಆಗಿ ಬೀಳುತ್ತಾರೆ. ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳನ್ನು ಆಪರೇಷನ್ನಿಗೆ ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೀಟರಿನಲ್ಲಿ ಶುಗರ್ ಸರಿಯಾಗೇ ತೋರಿಸುತ್ತ ರಕ್ತ ಆಮ್ಲೀಯವಾಗುವ ಸ್ಥಿತಿ ಬರಬಹುದು.

ತಟ್ಟೆಯ ಮುಂದೆ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸ್ಲೀವ್ ಆದವರಿಗೆ ಅದೇ ದೊಡ್ಡ ಕಂಟಕ. ಅಗಿಯದ ತುತ್ತು ಕಿರಿದಾದ ದಾರಿಯಲ್ಲಿ ಕೂತು ಎದೆ ಹಿಡಿದುಕೊಳ್ಳುತ್ತದೆ, ವಾಂತಿಯಾಗುವವರೆಗೆ ಬಿಡುವುದಿಲ್ಲ. ಮೊದಲೆರಡು ವಾರ ಬರೀ ದ್ರವ, ಆಮೇಲೆರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಆರನೇ ವಾರದ ಹೊತ್ತಿಗೆ ಗಟ್ಟಿ ಊಟ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಒಂದು ಹೊತ್ತಿಗೆ ಹಿಡಿಯುವುದು ಒಂದು ಸಣ್ಣ ಬಟ್ಟಲು. ತಿಳಿಸಾರು, ಮಜ್ಜಿಗೆ, ರಾಗಿ ಅಂಬಲಿ ಕುಡಿದು ಹೊಟ್ಟೆ ತುಂಬಿತು ಎಂದರೆ ಲೆಕ್ಕ ತಪ್ಪುತ್ತದೆ: 30 ಗ್ರಾಂ ರಾಗಿಹಿಟ್ಟಿನ ಅಂಬಲಿಯಲ್ಲಿರುವುದು ಎರಡು ಗ್ರಾಂ ಪ್ರೋಟೀನ್. ಎರಡು ಮೊಟ್ಟೆಯಲ್ಲಿ 12, ಒಂದು ಲೋಟ ಹಾಲಿನಲ್ಲಿ ಆರೇಳು, 100 ಗ್ರಾಂ ಪನೀರಿನಲ್ಲಿ 18, 25 ಗ್ರಾಂ ಒಣ ಸೋಯಾದಲ್ಲಿ 13. ಸಸ್ಯಾಹಾರಿಗಳಿಗೆ ಮೊದಲ ಕೆಲವು ತಿಂಗಳು ಪ್ರೋಟೀನ್ ಪುಡಿ ಇಲ್ಲದೆ ಸಾಗುವುದಿಲ್ಲ ಎನ್ನುವುದೇ ನೇರ ಮಾತು. ತಟ್ಟೆಯಲ್ಲಿ ಮೊದಲು ಬೇಳೆ, ಪನೀರು, ಮೊಟ್ಟೆ. ಅನ್ನ ಕೊನೆಗೆ, ಜಾಗ ಉಳಿದರೆ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು. ಮದುವೆ ಮನೆಯಲ್ಲಿ ಬೈಪಾಸ್ ಆದವರ ಎಲೆಗೆ ಒತ್ತಾಯ ಮಾಡಿ ಹಾಕಿದ ಹೋಳಿಗೆಯೂ ಒಂದು ಲೋಟ ಪಾಯಸವೂ ಅರ್ಧ ಗಂಟೆಯಲ್ಲಿ ಬೆವರು, ಎದೆಬಡಿತ, ಭೇದಿಯಾಗಿ ಹೊರಬರುತ್ತವೆ. "ಒಂದೇ ಒಂದು" ಅನ್ನುವ ಅತ್ತೆ, ಚಿಕ್ಕಮ್ಮಂದಿರಿಗೆ ಇದನ್ನು ಯಾರಾದರೂ ಮೊದಲೇ ಹೇಳಿರಬೇಕು.

ಮಾತ್ರೆಗಳು ಜೀವಮಾನಕ್ಕೆ. ಮಲ್ಟಿವಿಟಮಿನ್, ಬಿ12, ಡಿ3, ಕಬ್ಬಿಣ, ಕ್ಯಾಲ್ಸಿಯಂ. ಕ್ಯಾಲ್ಸಿಯಂ ದಿನಕ್ಕೆ 1,200–1,500 ಮಿ.ಗ್ರಾಂ., ಒಂದೇ ಸಲಕ್ಕಲ್ಲ, 500ರಂತೆ ಬಿಡಿಸಿ. ಅದು ಸಿಟ್ರೇಟ್ ರೂಪದ್ದಾಗಿರಬೇಕು. ಅಂಗಡಿಯಲ್ಲಿ ಸುಲಭಕ್ಕೆ ಕೈಗಿಡುವ ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಅದೇ ಈಗ ಕಡಿಮೆ. ಕಬ್ಬಿಣವನ್ನು ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರ, ಕಾಫಿ ಟೀಯಿಂದಲೂ ದೂರ ಇಡಬೇಕು. ಬೆಳಗಿನ ಕಾಫಿಯ ಜೊತೆ ಎಲ್ಲ ಮಾತ್ರೆಯನ್ನೂ ಒಟ್ಟಿಗೆ ನುಂಗುವವರ ಕಬ್ಬಿಣ ಬಹುಪಾಲು ಪೋಲು. ಪಿತ್ತಕೋಶ ಇರುವವರಿಗೆ ಆರು ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಕೊಡುವುದು, ಬೇಗ ತೂಕ ಇಳಿಯುವಾಗ ಕಲ್ಲು ಕಟ್ಟದಿರಲಿ ಅಂತ. ಮೂರನೇ ತಿಂಗಳಿಗೆ ಕೂದಲು ಉದುರುತ್ತದೆ, ಹೆಚ್ಚಿನವರಿಗೆ ವರ್ಷದೊಳಗೆ ಮರಳಿ ಬರುತ್ತದೆ. ಎರಡು ಮೂರು ವರ್ಷ ಚೆನ್ನಾಗಿದ್ದವರೇ ಮಾತ್ರೆ ಬಿಡುವುದು. ಬಿ12 ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಪಾದ ಜುಮ್ಮೆನ್ನುವುದು ಮಾತ್ರೆ ಬಿಟ್ಟ ಎಷ್ಟೋ ಕಾಲದ ಮೇಲೆ, ಆಗ ಆಪರೇಷನ್ನಿನ ನೆನಪೇ ಯಾರಿಗೂ ಬರುವುದಿಲ್ಲ.

ಮದ್ಯದ ಮಾತನ್ನು ಮನೆಯವರೆದುರು ಯಾರೂ ಎತ್ತುವುದಿಲ್ಲ. ಬೈಪಾಸ್ ನಂತರ ಒಂದು ಪೆಗ್ ಬೇಗ ರಕ್ತಕ್ಕೆ ಸೇರುತ್ತದೆ, ಹೆಚ್ಚು ಏರುತ್ತದೆ. ಎರಡನೇ ವರ್ಷದಿಂದ ಕುಡಿತದ ಚಟಕ್ಕೆ ಬೀಳುವವರ ಸಂಖ್ಯೆ ಹೆಚ್ಚುವುದು ದಾಖಲಾಗಿದೆ. ತಿಂದು ಸಮಾಧಾನ ಕಂಡುಕೊಳ್ಳುತ್ತಿದ್ದವರಿಗೆ ಆ ದಾರಿ ಮುಚ್ಚಿದಾಗ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರುವುದೂ ಇದೆ. ಮೊದಲೇ ಮನೋವೈದ್ಯರನ್ನು ಕಾಣಿಸುವುದು ಫೈಲು ತುಂಬಿಸುವ ಶಾಸ್ತ್ರವಲ್ಲ. ಮಗು ಬೇಕೆನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಹೋಗಿ ಗರ್ಭ ಬೇಗ ನಿಲ್ಲುತ್ತದೆ, ಬೈಪಾಸ್ ಆದವರು ನುಂಗುವ ಗರ್ಭನಿರೋಧಕ ಗುಳಿಗೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಇಂಜೆಕ್ಷನ್ನು ಮತ್ತು ಇನ್ಶೂರೆನ್ಸು

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳಾದ ಮೌಂಜಾರೊ (ಟಿರ್ಜೆಪಟೈಡ್), ವೆಗೋವಿ (ಸೆಮಾಗ್ಲುಟೈಡ್) ನಮ್ಮಲ್ಲಿಗೆ ಬಂದ ಮೇಲೆ "ಇನ್ನು ಆಪರೇಷನ್ ಯಾಕೆ?" ಎಂಬುದು ಹೊಸ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ತೂಕ ನೂರಕ್ಕೆ ಸುಮಾರು 15, ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸಿನಲ್ಲಿ ಸುಮಾರು 21 ಇಳಿಯಿತು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್ ಬಂತು. ಬಿಎಂಐ 30ರ ಹತ್ತಿರದವರು ಮೊದಲು ಇಂಜೆಕ್ಷನ್ ನೋಡುವುದೇ ಸರಿ ಅನ್ನಿಸುತ್ತದೆ. ಬಿಎಂಐ 45 ದಾಟಿ, ರಾತ್ರಿ ಉಸಿರು ನಿಲ್ಲುವ ತೊಂದರೆಯೂ ಇರುವವರಿಗೆ ಅದೊಂದರಿಂದ ಸಾಕಾಗುವುದು ಕಷ್ಟ. ಅಂಥವರಿಗೆ ಆಪರೇಷನ್ನಿಗೆ ಮೊದಲು ತೂಕ ಸ್ವಲ್ಪ ಇಳಿಸಲು, ಆಮೇಲೆ ಏರಿದ್ದನ್ನು ತಡೆಯಲು ಇಂಜೆಕ್ಷನ್ ಉಪಯೋಗಕ್ಕೆ ಬರುತ್ತದೆ.

ಯಾರಿಗೆ ಮಾಡಬಹುದು ಎಂಬುದರಲ್ಲಿ ವೈದ್ಯರ ಪಟ್ಟಿ ಒಂದು, ವಿಮೆಯ ಪಟ್ಟಿ ಇನ್ನೊಂದು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಆಪರೇಷನ್ನನ್ನು ಪರಿಗಣಿಸಬಹುದು ಎನ್ನುತ್ತದೆ, 165 ಸೆಂ.ಮೀ.ಗೆ ಅದು 75 ಕೆ.ಜಿ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಹಣ ಸಿಗುವುದು ಬಿಎಂಐ 40 ಮುಟ್ಟಿದರೆ, ಅಂದರೆ ಅದೇ ಎತ್ತರಕ್ಕೆ 109 ಕೆ.ಜಿ.; ಅಥವಾ 35 ಮುಟ್ಟಿ, ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಸ್ಲೀಪ್ ಆಪ್ನಿಯಾ ಇಂಥದ್ದೊಂದು ಇದ್ದು, ಬೇರೆ ಚಿಕಿತ್ಸೆ ಫಲ ಕೊಡದಿದ್ದರೆ. ವಯಸ್ಸು 18 ತುಂಬಿರಬೇಕು. ಪಾಲಿಸಿಯ ಕಾಯುವ ಅವಧಿಯನ್ನೂ ನೋಡಿಕೊಳ್ಳಬೇಕು. ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆ, ತಿಂಗಳ ಮಾತ್ರೆ, ಪ್ರೋಟೀನ್ ಪುಡಿ ಸಾಮಾನ್ಯವಾಗಿ ಕೈಯಿಂದಲೇ. ಅಷ್ಟನ್ನು ಹತ್ತಾರು ವರ್ಷ ಭರಿಸುವುದು ಆಗದಿದ್ದರೆ, ಅಥವಾ ವರ್ಷಕ್ಕೊಮ್ಮೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರಲು ಸಾಧ್ಯವೇ ಇಲ್ಲದಿದ್ದರೆ, ವಿಮೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಬೈಪಾಸ್ ಮಾಡಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಮಾಡಿಸಿಕೊಂಡವರು ಊರಿಗೆ ಹೊರಡುವ ಮುಂಚೆ ಸರ್ಜನ್ನಿಂದ ಒಂದು ಪುಟದ ಚೀಟಿ ಬರೆಸಿಕೊಂಡು, ಅದರ ಫೋಟೋವನ್ನು ಮನೆಯ ಎಲ್ಲರ ಫೋನಿನಲ್ಲೂ ಇಟ್ಟಿರಬೇಕು. ಆಪರೇಷನ್ನಿನ ಹೆಸರು, ತಾರೀಖು. ವಾಂತಿ ಇದ್ದರೆ ಗ್ಲೂಕೋಸಿಗೆ ಮೊದಲು ಥಯಮಿನ್. ಮೂಗಿನಿಂದ ಹೊಟ್ಟೆಗೆ ಬಿಡುವ ರೈಲ್ಸ್ ಟ್ಯೂಬನ್ನು ಕುರುಡಾಗಿ ಇಳಿಸಬೇಡಿ, ಹೊಲಿಗೆ ತೂತಾಗಬಹುದು. ಡೈಕ್ಲೋಫೆನಾಕ್ ಕೊಡಬೇಡಿ. ಹೊಟ್ಟೆನೋವು ನಿಲ್ಲದಿದ್ದರೆ ಸಿಟಿ ಮಾಡಿಸಿ. ಕೆಳಗೆ, ರಾತ್ರಿಯೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್.